ಕನ್ನಡದಲ್ಲಿ ತಾಂತ್ರಿಕ ಬರಹ ಇದೆ, ತೆರೆಯಲು ಬರುತ್ತಿಲ್ಲ

ಸಂಪಾದಕರಿಗೆ ನಮಸ್ಕಾರ.

ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆಯುವವರೇ ಇಲ್ಲ ಎಂದು ಓದುಗರೊಬ್ಬರು ಬೇಸರದಿಂದ ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಬರೆದದ್ದು ಇದೆ. ಮೋಟರ್ ರಿವೈಂಡಿಂಗ್ ಅಂಗಡಿಯ ನೋಟ್‌ಬುಕ್ಕಿನಲ್ಲಿದೆ, ಡಿಟಿಪಿ ಸೆಂಟರಿನ ಹಳೇ ಕಂಪ್ಯೂಟರಿನಲ್ಲಿದೆ, ಇಲಾಖೆಗಳು ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್‌ಗಳಲ್ಲಿದೆ, ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಫೋಟೋಗಳಲ್ಲಿದೆ. ಇದ್ದೂ ಬೇಕಾದವನ ಕೈಗೆ ಸಿಗುತ್ತಿಲ್ಲ, ಅಷ್ಟೇ. ಅದನ್ನು ವೆಬ್‌ಗೆ ಹಾಕುವಾಗ ನಾವು ಆರಿಸಿಕೊಳ್ಳುವ ರೀತಿ ತಪ್ಪಾಗಿದೆ. ಅದರ ಬಗ್ಗೆ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಜಾಗ ಇದ್ದರೆ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. 22 ವರ್ಷ ಆಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತ ಬಂತು, ಭತ್ತದ ಹಿಂದೆ ಮಿಲ್ಲುಗಳು ಬಂದವು. ಒಂದೊಂದು ಮಿಲ್ಲಿನಲ್ಲೂ ಭತ್ತ ಸುಲಿಯುವ ಶೆಲ್ಲರ್, ಪಾಲಿಶರ್, ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರ್, ಡ್ರೈಯರ್, ಬಾಯ್ಲರ್, ಈಗ ಬಣ್ಣ ನೋಡಿ ಕೆಟ್ಟ ಕಾಳು ತೆಗೆಯುವ ಸಾರ್ಟೆಕ್ಸ್ ಯಂತ್ರ ಬೇರೆ. ಯಂತ್ರದ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ. ಯಂತ್ರದ ಮುಂದೆ ರಾತ್ರಿ ಪಾಳಿಯಲ್ಲಿ ನಿಲ್ಲುವ ಹೆಲ್ಪರ್ ಹುಡುಗನಿಗೆ ಬರುವುದು ಕನ್ನಡ. ಇವರಿಬ್ಬರ ನಡುವೆ ಇರುವುದು ನಮ್ಮ ಹಿರಿಯ ಫಿಟ್ಟರ್. ನಾವೆಲ್ಲ ಅವರನ್ನು ಚಾಚಾ ಎಂದು ಕರೆಯುತ್ತೇವೆ.

ಚಾಚಾ ಬರೆದಿಡುವ ಮನುಷ್ಯ. ಶೆಲ್ಲರಿನ ಎರಡು ರಬ್ಬರ್ ರೋಲುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವಿನ ಸಂದು ಜಾಸ್ತಿ ಆದರೆ ಭತ್ತ ಸುಲಿಯದೆ ಹಾಗೇ ಬರುತ್ತದೆ, ಕಡಿಮೆ ಆದರೆ ನುಚ್ಚು ಜಾಸ್ತಿ ಆಗುತ್ತದೆ, ಯಾವ ಭತ್ತಕ್ಕೆ ಎಷ್ಟು ಬಿಡಬೇಕು, ಬೇರಿಂಗ್ ಬಿಸಿ ಆದರೆ ಮೊದಲು ಏನು ನೋಡಬೇಕು, ಪಾಲಿಶರಿನ ಆಂಪಿಯರ್ ಏರಿದರೆ ಎಲ್ಲಿ ಕೈ ಹಾಕಬೇಕು, ಹೀಗೆ ಮೂರು ನೋಟ್‌ಬುಕ್ ತುಂಬಿಸಿದ್ದಾರೆ. ಸುಮಾರು 15 ವರ್ಷದ ಹಿಂದೆ ಅದನ್ನು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆವು. 140 ಪುಟ ಆಯಿತು. 20 ಪ್ರತಿ ಪ್ರಿಂಟ್ ತೆಗೆಸಿದೆವು. ಗ್ರೀಸ್, ತವುಡು ಅಂಟಿಕೊಂಡು ಎರಡು ಮೂರು ವರ್ಷಕ್ಕೆ ಎಲ್ಲ ಹರಿದು ಹೋದವು. ಉಳಿದದ್ದು ಪೆನ್ ಡ್ರೈವಿನಲ್ಲಿದ್ದ ಫೈಲ್ ಒಂದೇ.

ಕಳೆದ ವರ್ಷ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗನ ಕೈಗೆ ಅದನ್ನು ಕೊಟ್ಟೆ. ಫೋನಿನಲ್ಲಿ ತೆರೆಯುವ ಹಾಗೆ ವೆಬ್‌ಗೆ ಹಾಕೋಣ ಎಂದೆ. ಅವನು ಫೈಲ್ ತೆರೆದು ನನ್ನ ಮುಖ ನೋಡಿದ. “ಮಾಮಾ, ಇದರಲ್ಲಿ ಕನ್ನಡವೇ ಇಲ್ಲ” ಎಂದ.

ನಿಜ. ಅದು ನುಡಿ ಫಾಂಟಿನಲ್ಲಿ ಟೈಪ್ ಆಗಿತ್ತು. ಆ ಕಾಲದಲ್ಲಿ ನುಡಿ, ಬರಹ ಎಂಬ ತಂತ್ರಾಂಶಗಳು ಇಲ್ಲದಿದ್ದರೆ ನಮ್ಮ ಊರುಗಳಲ್ಲಿ ಲಗ್ನಪತ್ರಿಕೆಯಿಂದ ಪಂಚಾಯಿತಿ ನೋಟಿಸಿನ ತನಕ ಯಾವುದೂ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದರೆ ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡ ಅಕ್ಷರದ ಚಿತ್ರ ಕೂರಿಸುತ್ತಿದ್ದವು. ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಇರುವುದು ಏಳು ಗುರುತು: ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಗೀಟಿನ ಎ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ನೋಡಿದರೆ ಕನ್ನಡ. ಇಲ್ಲದ ಫೋನಿನಲ್ಲಿ ನೋಡಿದರೆ ಈ ಏಳು ಗುರುತು ಮಾತ್ರ. ಗೂಗಲ್‌ಗೂ ಅದು ಕನ್ನಡ ಎಂದು ಗೊತ್ತಾಗುವುದಿಲ್ಲ, ಹುಡುಕಿದರೆ ಹೇಗೆ ಸಿಗುತ್ತದೆ ಹೇಳಿ.

ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೇ ಎಂದು 128 ಮನೆಗಳ ಸಾಲು ಇದೆ. ‘ಕ’ ಅಂದರೆ 0ಸಿ95, ಲೋಕದ ಯಾವ ಯಂತ್ರದಲ್ಲೂ ಅದು ‘ಕ’ವೇ, ಬೇರೆ ಯಾವುದೂ ಅಲ್ಲ. ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಅಶೋಕನ ಶಾಸನ ಬಿತ್ತು. ಅದನ್ನು ಓದಲು ಸಾಧ್ಯವಾದದ್ದು ಯಾಕೆ? ಬೇರೆ ಕಡೆಯ ಶಾಸನಗಳಲ್ಲಿದ್ದ ಬ್ರಾಹ್ಮಿ ಅಕ್ಷರವನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಬಿಡಿಸಿ ಓದಿದ್ದ, ಇಲ್ಲಿನ ಬಂಡೆಯ ಮೇಲೂ ಅದೇ ಅಕ್ಷರ ಇತ್ತು. ಕೊಪ್ಪಳದ ಗವಿಮಠದ ಬಂಡೆಯ ಮೇಲೂ, ಪಾಲ್ಕಿಗುಂಡಿನಲ್ಲೂ ಅದೇ. ಕೆತ್ತಿದವನು ತನ್ನ ಊರಿಗೊಂದು ಗುರುತು ಮಾಡಿಕೊಂಡಿದ್ದರೆ ಇವತ್ತಿಗೂ ನಾವು ಸುಮ್ನೆ ಕಲ್ಲು ನೋಡಿಕೊಂಡು ಬರುತ್ತಿದ್ದೆವು.

ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದೆವು. ಆಮೇಲೆ ಎರಡು ತಿಂಗಳು ತಿದ್ದಿದೆವು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಬಲಕ್ಕೆ ಕೂತಿರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದ ಹಾಗೆ ಮುಂಚೆ ಬರಬೇಕು, ಈ ಅದಲುಬದಲಿನಲ್ಲಿ ಅರ್ಕಾವತ್ತುಗಳು ಎಲ್ಲೆಲ್ಲೋ ಹಾರಿಹೋಗಿದ್ದವು. ಇಂಗ್ಲಿಷ್ ಅಕ್ಷರದಲ್ಲೇ ಇದ್ದ ಆರ್‌ಪಿಎಂ, ಎಚ್‌ಪಿ, ಬೆಲ್ಟಿನ ನಂಬರುಗಳು, ಅವನ್ನೂ ಪರಿವರ್ತಕ ಕನ್ನಡ ಎಂದೇ ತಿಳಿದು ಅರ್ಥವಿಲ್ಲದ ಒತ್ತಕ್ಷರ ಮಾಡಿ ಇಟ್ಟಿತ್ತು. ಇನ್ನೊಂದು ಸೂಕ್ಷ್ಮ ಇದೆ. ‘ಸಾಫ್ಟ್‌ವೇರ್’ ಅಂತಹ ಪದಗಳಲ್ಲಿ ಒತ್ತು ಬಾರದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪುಟದೊಳಗೆ ಹುಡುಕುವಾಗ ಪದ ತಪ್ಪಿಸಿಕೊಳ್ಳುತ್ತದೆ. ಹಳೇ ಕಡತ ಬದಲಿಸುವ ಯಾರೇ ಆಗಲಿ ಪರಿವರ್ತಕವನ್ನು ನಂಬಿ ಬಿಡಬೇಡಿ, ವಿಷಯ ಗೊತ್ತಿರುವ ಒಬ್ಬರು ಒಂದೊಂದೇ ಸಾಲು ಓದಲೇಬೇಕು. ಚಾಚಾ ಓದಿದರು, ಕನ್ನಡಕ ಹಾಕಿಕೊಂಡು, ದಿನಾ ಊಟದ ಬಿಡುವಿನಲ್ಲಿ.

ಅಕ್ಷರ ಸರಿ ಹೋಯಿತು. ಆಮೇಲೆ ಬಂತು ನಿಜವಾದ ಪ್ರಶ್ನೆ. ಯಾವ ಮಾರ್ಕಪ್?

ಮಾರ್ಕಪ್ ಅಂದರೆ ನಿಮಗೆ ನಾನು ಹೇಳಬೇಕಾಗಿಲ್ಲ. ಪತ್ರಿಕೆಯವರ ಮನೆಯ ಮಾತೇ ಅದು. ಅಚ್ಚಿಗೆ ಕಳಿಸುವ ಮುಂಚೆ ಪ್ರತಿಯ ಮೇಲೆ ಇದು ತಲೆಬರಹ, ಇದು ಉಪಶೀರ್ಷಿಕೆ, ಇದು ಬಾಕ್ಸ್ ಎಂದು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು ಅಲ್ವಾ, ಅದೇ ಕೆಲಸವನ್ನು ಇಲ್ಲಿ ಕಂಪ್ಯೂಟರಿಗಾಗಿ ಮಾಡುತ್ತೇವೆ. ಇದು ಶೀರ್ಷಿಕೆ, ಇದು ಹೆಜ್ಜೆಗಳ ಪಟ್ಟಿ, ಇದು ಕೋಷ್ಟಕ, ಇದು ಎಚ್ಚರಿಕೆ ಎಂದು ಹೇಳುವುದು. ದಪ್ಪ ಮಾಡು, ಕೆಂಪು ಮಾಡು ಎಂದು ಹೇಳುವುದು ಬೇರೆ. ಈ ವ್ಯತ್ಯಾಸ ತುಂಬಾ ಜನ ಹಿಡಿಯುವುದೇ ಇಲ್ಲ. ಚಾಚಾ ಪುಸ್ತಕದಲ್ಲಿ ಅಪಾಯದ ಸಾಲುಗಳನ್ನೆಲ್ಲ ಡಿಟಿಪಿಯವರು ಕೆಂಪು ಮಾಡಿದ್ದರು, ಕಪ್ಪು ಬಿಳುಪು ಪ್ರಿಂಟರಿನಲ್ಲಿ ತೆಗೆದಾಗ ಕೆಂಪು ಹೋಗಿ ಅದು ಮಾಮೂಲಿ ಸಾಲಿನ ಹಾಗೆ ಮಲಗಿತು. ಈಗ ಆ ಜಾಗದಲ್ಲಿ ‘ಎಚ್ಚರಿಕೆ’ ಎಂಬ ಪದವನ್ನೇ ಬರೆದು ಅದನ್ನು ಎಚ್ಚರಿಕೆ ಎಂದು ಗುರುತು ಮಾಡಿದ್ದೇವೆ. ಬಣ್ಣ ಇದ್ದರೂ ಇಲ್ಲದಿದ್ದರೂ ಅದು ಎಚ್ಚರಿಕೆಯೇ.

ನನ್ನ ಅಳಿಯ ಮೊದಲು ಹೇಳಿದ್ದು ಡಿಟಾ ಎಂಬ ಮಾರ್ಕಪ್. “ದೊಡ್ಡ ಕಂಪನಿಗಳೆಲ್ಲ ಅದರಲ್ಲೇ ಮ್ಯಾನ್ಯುಯಲ್ ಬರೆಯುತ್ತಾರೆ ಮಾಮಾ.” ಐಬಿಎಂ ಕಂಪನಿಯಲ್ಲಿ ಹುಟ್ಟಿದ್ದು ಅದು, 2005ರಲ್ಲಿ ಓಯಾಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಅದಕ್ಕಿಂತ ಹಳೆಯದು ಡಾಕ್‌ಬುಕ್, 1991ರ ಸುಮಾರಿಗೆ ಶುರುವಾದದ್ದು. ಎರಡೂ ಒಳ್ಳೆಯವೇ. ಒಂದೇ ಪ್ಯಾರಾವನ್ನು ಹತ್ತು ಮಾದರಿಯ ಯಂತ್ರಗಳ ಪುಸ್ತಕದಲ್ಲಿ ಬಳಸಬೇಕು, ವರ್ಷಕ್ಕೆ ಮೂರು ಸಲ ಬದಲಾಗುತ್ತದೆ, ಬರೆಯುವವರೇ 20 ಜನ ಇದ್ದಾರೆ ಎನ್ನುವ ಕಡೆ ಅವು ಬೇಕು. ನಾವು ಎರಡು ಭಾನುವಾರ ಕೂತು ಪ್ರಯತ್ನ ಮಾಡಿದೆವು. ಅದನ್ನು ವೆಬ್ ಪುಟ ಮಾಡಲು ಇನ್ನೊಂದು ಸಾಫ್ಟ್‌ವೇರ್, ಅದಕ್ಕೆ ಜಾವಾ, ಅದರ ಸೆಟ್ಟಿಂಗ್. ನಾಳೆ ಅಳಿಯ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಇಲ್ಲಿ ಒಂದು ಸಾಲು ತಿದ್ದುವವರು ಯಾರು? ಬಿಟ್ಟೆವು. ಆದರೆ ಡಿಟಾದಿಂದ ಒಂದು ಬುದ್ಧಿ ತೆಗೆದುಕೊಂಡೆವು. ಮಾಡುವ ಕೆಲಸ ಬೇರೆ ಪುಟ, ತಿಳಿಯಬೇಕಾದ ವಿಷಯ ಬೇರೆ ಪುಟ, ನೋಡಿಕೊಳ್ಳುವ ಅಳತೆ ಪಟ್ಟಿ ಬೇರೆ ಪುಟ. ಚಾಚಾ ಬರಹದಲ್ಲಿ ಮೂರೂ ಕಲಸಿಕೊಂಡಿದ್ದವು, ಅದನ್ನು ಬಿಡಿಸಿದ್ದಕ್ಕೇ ಅರ್ಧ ಉಪಯೋಗ ಆಯಿತು.

ಕೊನೆಗೆ ಆರಿಸಿದ್ದು ವೆಬ್ ಪುಟಗಳನ್ನೆಲ್ಲ ಬರೆಯುವ ಮಾಮೂಲಿ ಎಚ್‌ಟಿಎಂಎಲ್. ಸಾದಾ, ಎಲ್ಲ ಫೋನಿನಲ್ಲೂ ತೆರೆಯುವ ಎಚ್‌ಟಿಎಂಎಲ್. ಅಳಿಯನಿಗೆ ಮೊದಲು ಸಪ್ಪೆ ಅನಿಸಿತು. ನನಗೆ ಮಾತ್ರ ಇದರ ಹುಟ್ಟಿನ ಕತೆ ಕೇಳಿದ ಮೇಲೆ ನಂಬಿಕೆ ಜಾಸ್ತಿ ಆಯಿತು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನ ಕೇಂದ್ರದಲ್ಲಿ ಈ ವೆಬ್ಬಿನ ಯೋಚನೆ ಬರೆದುಕೊಟ್ಟದ್ದು ಯಾಕೆ ಗೊತ್ತೇ? ಅಲ್ಲಿ ಜನ ಒಂದೆರಡು ವರ್ಷ ಕೆಲಸ ಮಾಡಿ ಹೋಗಿಬಿಡುತ್ತಿದ್ದರು, ಅವರ ಜೊತೆ ಯಂತ್ರದ ಬಗೆಗಿನ ತಿಳಿವಳಿಕೆಯೂ ಹೋಗುತ್ತಿತ್ತು, ಅದನ್ನು ಉಳಿಸಬೇಕಾಗಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ಚಾಚಾ. ಅವರು ನಿವೃತ್ತಿ ಆಗುವುದು ಹತ್ತಿರ ಇದೆ.

ಸ್ಟ್ಯಾಂಡರ್ಡ್‌ಗಳ ಜಗಳವೂ ಸಣ್ಣದಲ್ಲ. 1999ರ ಡಿಸೆಂಬರಿನಲ್ಲಿ ವೆಬ್ಬಿನ ಸ್ಟ್ಯಾಂಡರ್ಡ್ ಮಾಡುವ ಡಬ್ಲ್ಯು3ಸಿ ಎಂಬ ಸಂಸ್ಥೆಯಿಂದ ಎಚ್‌ಟಿಎಂಎಲ್ 4.01 ಬಂತು. 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ ಬಂತು, ಅದು ಎಕ್ಸ್‌ಎಂಎಲ್ ಎಂಬ ಬಿಗಿ ನಿಯಮದ ಮಾರ್ಕಪ್ಪಿನ ಶಿಸ್ತಿನದು. ಆ ಶಿಸ್ತಿನ ಪ್ರಕಾರವೇ ಪುಟವನ್ನು ಕಳಿಸಿದರೆ ಎಲ್ಲೋ ಒಂದು ಗುರುತು ಮುಚ್ಚದೆ ಬಿಟ್ಟಿದ್ದಕ್ಕೆ ಬ್ರೌಸರ್ ತಪ್ಪು ತೋರಿಸಿ ನಿಂತುಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಎಲಿವೇಟರ್ ಕಟ್ಟಿಕೊಂಡು ಭತ್ತ ಕೆಳಗೆ ಸುರಿಯುತ್ತಿರುವಾಗ ಫೋನ್ ತೆಗೆದ ಹುಡುಗನಿಗೆ ‘37ನೇ ಸಾಲಿನಲ್ಲಿ ದೋಷ’ ಎಂದು ತೋರಿಸಿದರೆ ಏನು ಮಾಡುತ್ತಾನೆ? 2004ರಲ್ಲಿ ಆ್ಯಪಲ್, ಮೊಜಿಲ್ಲಾ, ಒಪೆರಾದವರು ಸೇರಿ ಬೇರೆ ಗುಂಪು ಕಟ್ಟಿಕೊಂಡು ಎಚ್‌ಟಿಎಂಎಲ್ ಅನ್ನೇ ಬೆಳೆಸಿದರು. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್‌ನ ಎರಡನೇ ಆವೃತ್ತಿಯ ಕೆಲಸ ನಿಂತಿತು, 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಸ್ಟ್ಯಾಂಡರ್ಡ್ ಆಯಿತು, 2019ರಲ್ಲಿ ಎರಡೂ ಗುಂಪಿನವರು ಕೂತು ಇನ್ನು ಮೇಲೆ ಒಂದೇ ಸ್ಟ್ಯಾಂಡರ್ಡ್ ಎಂದು ಒಪ್ಪಿಕೊಂಡರು. ಹೊಸದರಲ್ಲಿ ತಪ್ಪು ಬರೆದ ಪುಟವನ್ನೂ ಎಲ್ಲ ಬ್ರೌಸರುಗಳು ಒಂದೇ ರೀತಿ ಹೇಗೆ ತೋರಿಸಬೇಕು ಎಂದು ಬರೆದಿಟ್ಟಿದ್ದಾರೆ. ಹಾಗಂತ ನಾವು ಹೇಗೆ ಬೇಕಾದರೂ ಬರೆಯಬಹುದು ಎಂದಲ್ಲ. ಹಾಕುವ ಮುಂಚೆ ಪುಟವನ್ನು ವ್ಯಾಲಿಡೇಟರ್ ಎಂಬ ಪರೀಕ್ಷಕಕ್ಕೆ ಕೊಟ್ಟು ತಪ್ಪೆಲ್ಲ ತಿದ್ದುತ್ತೇವೆ. ಬಿಗಿ ಇರಬೇಕಾದದ್ದು ಬರೆಯುವವನಿಗೆ, ಓದುವವನಿಗಲ್ಲ.

ಇನ್ನೊಂದು ಕಾರಣ ಆಯಸ್ಸು. ಮಿಲ್ಲಿನ ಯಂತ್ರ 20, 25 ವರ್ಷ ಓಡುತ್ತದೆ. ನಮ್ಮಲ್ಲಿರುವ ಒಂದು ಯಂತ್ರದ ಜೊತೆ ಸಿ.ಡಿ. ಬಂದಿತ್ತು, ಚೆಂದದ ಚಲಿಸುವ ಚಿತ್ರಗಳು, ಎಲ್ಲ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ್ದು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತುಹೋಯಿತು. ಯಂತ್ರ ಇನ್ನೂ ಓಡುತ್ತಿದೆ, ಅದರ ಪುಸ್ತಕ ಸತ್ತಿದೆ. ಸರ್ನ್‌ನ ಮೊದಲ ವೆಬ್ ಪುಟವನ್ನು ಈಗಲೂ ಯಾವ ಫೋನಿನಲ್ಲಿ ಬೇಕಾದರೂ ತೆರೆದು ಓದಬಹುದು. ನಾನೇ ನಮ್ಮ ಮಿಲ್ಲಿನ ಅಂಗಳದಲ್ಲಿ ನಿಂತು ತೆರೆದು ನೋಡಿದೆ.

ಅಳಿಯ ಟೈಪ್ ಮಾಡುವುದು ಮಾರ್ಕ್‌ಡೌನ್‌ನಲ್ಲಿ. ಜಾನ್ ಗ್ರೂಬರ್ 2004ರಲ್ಲಿ ಮಾಡಿದ ಸರಳ ಪದ್ಧತಿ ಅದು, ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಶೀರ್ಷಿಕೆ, ನಂಬರ್ ಹಾಕಿದರೆ ಪಟ್ಟಿ, ಆಮೇಲೆ ಅದು ಎಚ್‌ಟಿಎಂಎಲ್ ಆಗುತ್ತದೆ. ನಾನೂ ಎರಡು ದಿನದಲ್ಲಿ ಕಲಿತೆ. ಕೋಷ್ಟಕ ಬಂದರೆ ಮಾತ್ರ ಅದು ಸಾಲುವುದಿಲ್ಲ, ಅಲ್ಲಿ ನೇರ ಎಚ್‌ಟಿಎಂಎಲ್ ಬರೆಯಬೇಕು. ಯಾಕೆ ಎಂದು ಹೇಳುತ್ತೇನೆ.

ಗಂಗಾವತಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನನ್ನ ಗೆಳೆಯರೊಬ್ಬರು ಕೂರುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಬೇರಿಂಗ್ ಕೈಗೆ ಕೊಟ್ಟರೆ ಬೆರಳಿನಲ್ಲೇ ನಂಬರ್ ಹೇಳುವಷ್ಟು ಅನುಭವ. ಅಂಗಡಿಯ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇದೆ, ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮ ಬೇರಿಂಗ್ ಪುಟವನ್ನು ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ “ಅಣ್ಣಾ, ಬರೀ ನಂಬರ್ ಸುರಿಯುತ್ತಿದೆ, ಯಾವುದು ಒಳ ಅಳತೆ ಯಾವುದು ಹೊರಗಿನದು?” ಎಂದು ಕೇಳಿದರು. 6205 ಬೇರಿಂಗಿಗೆ ಒಳ ಅಳತೆ 25 ಮಿಲಿಮೀಟರ್, ಹೊರಗಿನದು 52, ದಪ್ಪ 15. 6206ಕ್ಕೆ 30, 62, 16. ನಾನು ಖಾಲಿ ಜಾಗ ಬಿಟ್ಟು ಬಿಟ್ಟು ಅಂಕಣ ಹೊಂದಿಸಿದ್ದೆ. ಕಣ್ಣಿಗೆ ಸರಿ ಕಾಣುತ್ತಿತ್ತು. ಕಿವಿಗೆ ಅದು 25, 52, 15, 30, 62, 16 ಎಂದು ಒಂದೇ ಉಸಿರಿನಲ್ಲಿ ಹೋಗುತ್ತಿತ್ತು. ಆಮೇಲೆ ಅದನ್ನು ನಿಜವಾದ ಕೋಷ್ಟಕ ಮಾಡಿ, ಅಂಕಣದ ತಲೆಗೂ ಸಾಲಿನ ತಲೆಗೂ ಇದು ತಲೆ ಎಂದು ಗುರುತು ಹಾಕಿ, ಕೋಷ್ಟಕಕ್ಕೆ ಹೆಸರು ಕೊಟ್ಟೆವು. ಈಗ ಅವರು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ ‘ಒಳ ಅಳತೆ, 25’ ಎಂದು ಕೇಳಿಸುತ್ತದೆ. ಎಚ್ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ಹಾರುತ್ತಾರೆ, 40 ಸಾಲು ಕೇಳುತ್ತಾ ಕೂರಬೇಕಾಗಿಲ್ಲ. ಪುಟದ ತಲೆಯಲ್ಲಿ ಇದು ಕನ್ನಡ ಎಂದು ಹೇಳುವ ಎರಡಕ್ಷರದ ಗುರುತೂ ಬೇಕು, ಇಲ್ಲದಿದ್ದರೆ ಓದುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ಒದ್ದಾಡುತ್ತದೆ. ಇದು ದಯೆಯ ಮಾತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲೇ ಮಾಹಿತಿ ಎಲ್ಲರಿಗೂ ನಿಲುಕುವ ಹಾಗೆ ಇರಬೇಕು ಎಂದಿದೆ.

ಅದೇ ಗುರುತಿನಿಂದ ನಮಗೂ ಲಾಭ ಆಯಿತು. ಪ್ರಿಂಟ್ ತೆಗೆದರೆ ಉದ್ದದ ಕೋಷ್ಟಕ ಎರಡನೇ ಹಾಳೆಗೆ ಹೋದಾಗ ಅಂಕಣದ ತಲೆಗಳು ಅಲ್ಲೂ ತಾವಾಗಿಯೇ ಬರುತ್ತವೆ. ಲ್ಯಾಮಿನೇಷನ್ ಮಾಡಿಸಿ ಪ್ಯಾನಲ್ ಬೋರ್ಡಿನ ಪಕ್ಕ ತೂಗು ಹಾಕಿದ್ದೇವೆ.

ಈಗ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಇದನ್ನು ಬರೆಯಲು ಕಷ್ಟ ಆಗುತ್ತದೆ, ಆದರೂ ಹೇಳುತ್ತೇನೆ. ಎಲಿವೇಟರ್ ಕಟ್ಟಿಕೊಂಡರೆ ಬಿಡಿಸುವ ಪುಟದಲ್ಲಿ ಹೆಜ್ಜೆಗಳಿಗೆ ನಾನೇ ಕೈಯಿಂದ 1, 2, 3 ಎಂದು ಟೈಪ್ ಮಾಡಿದ್ದೆ. ಮೊದಲನೆಯದು ಭತ್ತ ಬರುವುದನ್ನು ನಿಲ್ಲಿಸಿ. ಎರಡನೆಯದು ಒಳಗಿರುವುದು ಖಾಲಿ ಆಗುತ್ತದೇನೋ ನೋಡಿ. ಮೂರನೆಯದು ಮೇನ್ ಆಫ್ ಮಾಡಿ ಫ್ಯೂಸ್ ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ನಾಲ್ಕನೆಯದು ಕೆಳಗಿನ ಬಾಗಿಲು ತೆಗೆದು ಕೈಯಿಂದ ಸ್ವಚ್ಛ ಮಾಡಿ. ಕೊನೆಯಲ್ಲಿ ‘ಮತ್ತೆ ಕಟ್ಟಿಕೊಂಡರೆ 3ನೇ ಹೆಜ್ಜೆಯಿಂದ ಮಾಡಿ’ ಎಂದಿತ್ತು. ಒಂದು ದಿನ ಪುಟ ಚಿಕ್ಕದಾಗಲಿ ಎಂದು ಮೊದಲ ಎರಡು ಹೆಜ್ಜೆ ಸೇರಿಸಿ ಒಂದು ಮಾಡಿದೆ, ನಂಬರ್ ತಿದ್ದಿದೆ, ಕೊನೆಯ ಸಾಲು ತಿದ್ದಲು ಮರೆತೆ. ಫ್ಯೂಸ್ ತೆಗೆಯುವುದು 2 ಆಯಿತು, ಬಾಗಿಲು ತೆಗೆದು ಕೈ ಹಾಕುವುದು 3 ಆಯಿತು. ಹುಡುಗನೊಬ್ಬ ಫೋನ್ ಹಿಡಿದು ಓದಿಕೊಂಡು ನೇರ ಬಾಗಿಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಚಾಚಾ ಪಕ್ಕದಲ್ಲೇ ಇದ್ದರು. “ಫ್ಯೂಸ್ ಎಲ್ಲಿ?” ಎಂದು ಕೂಗಿದರು. ಅವರು ಅಲ್ಲಿ ಇದ್ದದ್ದಕ್ಕೆ ಹುಡುಗನ ಕೈ ಉಳಿಯಿತು.

ಆ ರಾತ್ರಿ ನಾನು ಮಲಗಲಿಲ್ಲ. ಮಾರನೇ ದಿನ ಎಲ್ಲ ಪುಟಗಳ ಹೆಜ್ಜೆಗಳನ್ನೂ ನಂಬರಿನ ಪಟ್ಟಿಯ ಗುರುತಿಗೆ ಬದಲಿಸಿದೆವು. ಹೆಜ್ಜೆ ಸೇರಿಸಲಿ, ತೆಗೆಯಲಿ, ನಂಬರನ್ನು ಬ್ರೌಸರೇ ಹಾಕುತ್ತದೆ. ಆದರೆ ವಾಕ್ಯದೊಳಗೆ ‘3ನೇ ಹೆಜ್ಜೆ’ ಎಂದು ಬರೆದ ನಂಬರನ್ನು ಎಚ್‌ಟಿಎಂಎಲ್ ತಿದ್ದುವುದಿಲ್ಲ. ಇದನ್ನು ಎಲ್ಲರೂ ನೆನಪಿಡಬೇಕು. ಅದಕ್ಕೇ ವಾಕ್ಯದಲ್ಲಿ ನಂಬರ್ ಬರೆಯುವುದನ್ನೇ ಬಿಟ್ಟೆವು. ಈಗ ‘ಫ್ಯೂಸ್ ತೆಗೆಯುವ ಹೆಜ್ಜೆಯಿಂದ ಮತ್ತೆ ಶುರು ಮಾಡಿ’ ಎಂದಿದೆ, ಆ ಹೆಜ್ಜೆಗೆ ಐಡಿ ಎಂಬ ಗುರುತಿನ ಹೆಸರು ಕೊಟ್ಟು ಲಿಂಕ್ ಮಾಡಿದ್ದೇವೆ, ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಪ್ರಿಂಟಿನಲ್ಲಿ ಒತ್ತಲು ಆಗುವುದಿಲ್ಲ, ಆದರೆ ಮಾತು ಉಳಿದಿರುತ್ತದೆ.

ಪಿಡಿಎಫ್ ಬೇಡ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಪ್ರಿಂಟ್ ತೆಗೆದರೂ ಒಂದೇ ಥರ ಬರಬೇಕಾದ ಅರ್ಜಿಗೆ, ನಕ್ಷೆಗೆ ಅದು ಸರಿ. ಆದರೆ ಎ4 ಹಾಳೆಯನ್ನು ಅಂಗೈ ಅಗಲದ ಫೋನಿನಲ್ಲಿ ಎಳೆದು ಎಳೆದು ಓದುವುದು ಎಷ್ಟು ಹಿಂಸೆ ಎಂದು ಓದಿದವರಿಗೇ ಗೊತ್ತು. ಸ್ಕ್ಯಾನ್ ಮಾಡಿದ್ದಾದರೆ ಅದು ಬರೀ ಫೋಟೋ, ಒಂದು ಪದವೂ ಹುಡುಕಲು ಸಿಗುವುದಿಲ್ಲ. ಟೈಪ್ ಮಾಡಿದ್ದೇ ಆದರೂ ಎಷ್ಟೋ ಸಲ ಕನ್ನಡ ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒತ್ತು ದೀರ್ಘ ಎಲ್ಲ ಚೆಲ್ಲಾಪಿಲ್ಲಿ. ವರ್ಡ್ ಫೈಲನ್ನೇ ವೆಬ್ ಪುಟ ಎಂದು ಸೇವ್ ಮಾಡಿ ಹಾಕುವವರೂ ಇದ್ದಾರೆ, ಒಳಗೆ ತೆರೆದು ನೋಡಿ, ಒಂದು ಸಾಲು ವಿಷಯಕ್ಕೆ ಹತ್ತು ಸಾಲು ಅಲಂಕಾರದ ಆದೇಶ. ಮಿಲ್ಲಿನ ತಗಡಿನ ಶೆಡ್ಡಿನೊಳಗೆ ನೆಟ್‌ವರ್ಕ್ ಒಂದು ಗೀಟು ಸಿಕ್ಕರೆ ದೊಡ್ಡದು. ಒಂದು ಹಾಳೆಯ ಫೋಟೋ ಎರಡು ಮೂರು ಎಂಬಿ ಇರುತ್ತದೆ. ನಮ್ಮ ಪುಟ ಚಿತ್ರ ಬಿಟ್ಟು 40 ಕೆಬಿ ದಾಟುವುದಿಲ್ಲ. ಚಿತ್ರ ಬರದಿದ್ದರೂ ಅದರ ಜಾಗದಲ್ಲಿ ಚಿತ್ರದಲ್ಲೇನಿದೆ ಎಂದು ಬರೆದ ಸಾಲು ಬರುತ್ತದೆ.

ಈಗ ನಿಮ್ಮ ಪತ್ರಿಕೆಯ ಮಾತಿಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಆ ವಾರ ನಮ್ಮ ಕಡೆ ಮನೆ ಮನೆಯಲ್ಲೂ ಅದೇ ಮಾತು. ಕ್ರೆಸ್ಟ್ ಗೇಟ್ ಅಂದರೇನು, ಚೈನ್ ಹೇಗೆ ಎತ್ತುತ್ತದೆ, ಸ್ಟಾಪ್ ಲಾಗ್ ಎಲಿಮೆಂಟುಗಳನ್ನು ಹರಿಯುವ ನೀರಿನಲ್ಲಿ ಒಂದರ ಮೇಲೊಂದು ಹೇಗೆ ಇಳಿಸಿದರು ಎಂದು ನೀವು ಚಿತ್ರದ ಜೊತೆ ಅಚ್ಚು ಹಾಕಿದ್ದು ನನಗೆ ನೆನಪಿದೆ. ತುಂಬಾ ಒಳ್ಳೆಯ ಕನ್ನಡ, ತುಂಬಾ ಸ್ಪಷ್ಟ. ಗೋಡೆಗೆ ಅಂಟಿಸಿದ್ದೆ. ಮೊನ್ನೆ ಅದನ್ನು ಅಳಿಯನಿಗೆ ಕಳಿಸೋಣ ಎಂದು ನೆಟ್ಟಿನಲ್ಲಿ ಹುಡುಕಿದೆ. ಸಿಗಲಿಲ್ಲ. ನಿಮ್ಮ ಇ-ಪೇಪರಿನಲ್ಲಿ ಅದು ಪುಟದ ಚಿತ್ರವಾಗಿ ಇದೆ, ಅಕ್ಷರವಾಗಿ ಇಲ್ಲ. ಅಂದರೆ ಇದೆ, ಆದರೆ ತಾರೀಖು ನೆನಪಿದ್ದವನಿಗೆ ಮಾತ್ರ ಇದೆ. ಅಂತಹ ವಿವರಣೆಗಳನ್ನು ದಯವಿಟ್ಟು ಶೀರ್ಷಿಕೆ, ಪ್ಯಾರಾ, ಚಿತ್ರ, ಚಿತ್ರದ ಕೆಳಗಿನ ಮಾತು ಎಂದು ಸರಿಯಾಗಿ ಗುರುತು ಮಾಡಿದ ಯುನಿಕೋಡ್ ಪುಟಗಳಾಗಿ ಹಾಕಿ. ನಿಮ್ಮಲ್ಲಿ ಪ್ರತಿ ಹೇಗೂ ಯುನಿಕೋಡಿನಲ್ಲೋ ಹಳೇ ಫಾಂಟಿನಲ್ಲೋ ಟೈಪ್ ಆಗಿಯೇ ಇರುತ್ತದೆ. ಹೊಸದಾಗಿ ಬರೆಯುವ ಕೆಲಸ ಇಲ್ಲ.

ಕೃಷಿ, ವಿದ್ಯುತ್, ನೀರಾವರಿಯ ಕನ್ನಡ ಕೈಪಿಡಿಗಳನ್ನು ಹೊರತರುವವರಿಗೂ ಇದೇ ನನ್ನ ಕೋರಿಕೆ. ಕೇಂದ್ರ ಸರ್ಕಾರ 2009ರಲ್ಲೇ ಸರ್ಕಾರಿ ವೆಬ್‌ಸೈಟುಗಳಿಗೆ ಮಾರ್ಗಸೂಚಿ ಹೊರಡಿಸಿದೆ, ಭಾರತೀಯ ಭಾಷೆಗಳಿಗೆ ಯುನಿಕೋಡ್ ಎಂಬ ಮಾತೂ ಅದರಲ್ಲಿದೆ. ಟೆಂಡರ್ ಕರೆಯುವಾಗ ‘ವೆಬ್‌ಸೈಟ್ ಮಾಡಿಕೊಡಬೇಕು’ ಎಂದು ಒಂದೇ ಸಾಲು ಬರೆಯಬೇಡಿ. ಕೈಪಿಡಿಯ ಪ್ರತಿ ಅಧ್ಯಾಯ ಎಚ್‌ಟಿಎಂಎಲ್ ಪುಟ ಆಗಿರಬೇಕು, ಯುನಿಕೋಡನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೀತಿ ಇರಬೇಕು, ಕೋಷ್ಟಕ ಕೋಷ್ಟಕವಾಗಿಯೇ ಇರಬೇಕು, ವ್ಯಾಲಿಡೇಟರಿನಲ್ಲಿ ಪಾಸಾಗಬೇಕು ಎಂದು ಬರೆಯಿರಿ. ಪಂಪ್‌ಸೆಟ್ ಸ್ಟಾರ್ಟರಿನ ವೈರಿಂಗ್ ಪುಟಕ್ಕೆ ಇವತ್ತು ಯಾವ ವಿಳಾಸ ಇದೆಯೋ ಹತ್ತು ವರ್ಷದ ಮೇಲೂ ಅದೇ ಇರಬೇಕು ಎಂದೂ ಬರೆಯಿರಿ, ಸೈಟ್ ಹೊಸದು ಮಾಡಿದಾಗಲೆಲ್ಲ ಹಳೇ ಲಿಂಕುಗಳು ಸತ್ತು ಹೋಗುವುದು ನೋಡಿ ನೋಡಿ ಸಾಕಾಗಿದೆ.

ಮಾನವಿ, ಸಿರಗುಪ್ಪ, ಕುಷ್ಟಗಿ, ಯಾವುದೇ ಕಡೆ ಇರಲಿ, ನಿಮ್ಮ ಗ್ಯಾರೇಜಿನಲ್ಲಿ, ಜಿನ್ನಿಂಗ್ ಮಿಲ್ಲಿನಲ್ಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಇಂತಹ ನೋಟ್‌ಬುಕ್ ಅಥವಾ ನುಡಿ ಫಾಂಟಿನ ಹಳೇ ಫೈಲ್ ಇದ್ದರೆ ಸಂಪಾದಕರ ಮೂಲಕ ನಮಗೆ ತಿಳಿಸಿ. ನಾನು ಮತ್ತು ಅಳಿಯ ಯುನಿಕೋಡಿಗೆ ಬದಲಿಸಿ ಗುರುತು ಹಾಕಿ ಕೊಡುತ್ತೇವೆ, ದುಡ್ಡು ಬೇಡ. ಬರೆದವರು ಒಂದು ಸಲ ಕೂತು ಓದಿ ತಿದ್ದಿಕೊಡಬೇಕು, ಅದೊಂದೇ ಷರತ್ತು. ನಮ್ಮ ಕಡೆ ಈಗ 11 ಪುಟ ಆಗಿದೆ. ಡ್ರೈಯರಿನದು ಇನ್ನೂ ಬಾಕಿ ಇದೆ, ಈ ಭಾನುವಾರ ಮಿಲ್ಲು ನಿಲ್ಲಿಸಿದ ಮೇಲೆ ಚಾಚಾ ಜೊತೆ ಅದಕ್ಕೆ ಕೂರುತ್ತೇವೆ.

ಇಂತಿ ನಿಮ್ಮ ಓದುಗ,
ಸಿಂಧನೂರು, ರಾಯಚೂರು ಜಿಲ್ಲೆ